ಲೆಕ್ಕಕ್ಕೆ ಸಿಗುವ ನೋವು, ಸಿಗದ ನೋವು

ನಮ್ಮ ಬಾಗಿಲಿಗೆ ಬಂದು ನಮ್ಮ ಬದುಕಿನ ಬಗ್ಗೆ ಪ್ರಶ್ನೆ ಕೇಳುವವರು ಈಗ ಹಲವರು. ನಾನಿರುವ ಮೈಸೂರಿನ ಉದಯಗಿರಿಯಲ್ಲೂ ಹೀಗೇ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರ ಮನೆಗಳಿಗೆ ಒಮ್ಮೆ ಸರ್ಕಾರದವರು, ಒಮ್ಮೆ ಸ್ವಯಂಸೇವಾ ಸಂಸ್ಥೆಯವರು, ಒಮ್ಮೆ ಕಾಲೇಜಿನ ಹುಡುಗಿಯರು ಬರುತ್ತಾರೆ. ಗಂಡ ಏನು ಮಾಡುತ್ತಾನೆ, ಕುಡಿಯುತ್ತಾನೆಯೆ, ಹೊಡೆಯುತ್ತಾನೆಯೆ, ಮದುವೆಗೆ ಏನು ಕೊಟ್ಟಿರಿ ಎಂದೆಲ್ಲ ಕೇಳಿ ಬರೆದುಕೊಂಡು ಹೋಗುತ್ತಾರೆ. ನಮ್ಮ ಉತ್ತರ ಏನಾಯಿತೆಂದು ತಿರುಗಿ ಬಂದು ಹೇಳುವವರು ಮಾತ್ರ ಕಡಿಮೆ.

ಆದರೆ ಆ ಉತ್ತರಗಳು ಸುಮ್ಮನೆ ಕೂರುವುದಿಲ್ಲ. ಅವು ಅಂಕಿಗಳಾಗಿ ಪತ್ರಿಕೆಗೆ ಹೋಗುತ್ತವೆ, ಸರ್ಕಾರದ ಕಡತಕ್ಕೆ ಹೋಗುತ್ತವೆ, ಕಾನೂನು ಬೇಕೆ ಬೇಡವೆ ಎಂಬ ವಾದಕ್ಕೆ ಹೋಗುತ್ತವೆ. ಕೊನೆಗೆ ಒಂದು ದಿನ ನಮ್ಮ ಮೇಲೇ ತಿರುಗಿ ಬೀಳುತ್ತವೆ: "ನೋಡಿ, ಹೆಂಗಸರೇ ಹೊಡೆತ ಸರಿ ಅನ್ನುತ್ತಾರೆ", "ಸಂಘಕ್ಕೆ ಹೋದವರಿಗೇ ಹೆಚ್ಚು ಪೆಟ್ಟು", "ದೂರುಗಳೆಲ್ಲ ಸುಳ್ಳು." ಇಂಥ ಮಾತುಗಳಿಗೆ ಉತ್ತರ ಕೊಡಬೇಕಾದರೆ ಆ ಅಂಕಿ ಹೇಗೆ ಹುಟ್ಟಿತು ಎಂಬುದು ನಮಗೆ ತಿಳಿದಿರಬೇಕು. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಸಮೀಕ್ಷೆ, ಸಂದರ್ಶನ, ದಾಖಲೆ, ಪ್ರಯೋಗ ಎಂದು ಅಧ್ಯಯನದ ವಿಧಾನಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುವುದು ನಮ್ಮ ಪದ್ಧತಿ. ಆದರೆ ಈ ವಿಧಾನಗಳ ಬಲಾಬಲ ತಿಳಿಯಬೇಕಾದ್ದು ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಉತ್ತರ ಕೊಡುವ ಹೆಂಗಸರಿಗೆ. ಆದ್ದರಿಂದ ಈ ಸಂಚಿಕೆಯಲ್ಲಿ ಆ ಮಾತು.

ಮೊದಲು ಸಮೀಕ್ಷೆಯನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ ದೊಡ್ಡ ಸಮೀಕ್ಷೆಗಳಲ್ಲಿ ಒಂದು. 2015-16ರ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 20.6ರಷ್ಟು ಮಂದಿ ಗಂಡನಿಂದ ಯಾವಾಗಲಾದರೂ ದೌರ್ಜನ್ಯ ಅನುಭವಿಸಿದ್ದೇವೆ ಎಂದಿದ್ದರು. 2019ರ ಸಮೀಕ್ಷೆಯಲ್ಲಿ ಅದು ಶೇ. 44.4ಕ್ಕೆ ಏರಿತು. ಈ ಅಂಕಿ ಹೊರಬಂದದ್ದು 2020ರ ಡಿಸೆಂಬರಿನಲ್ಲಿ, ಕೊರೋನಾ ಕಾಲದಲ್ಲಿ. ಲಾಕ್‌ಡೌನ್‌ನಿಂದಾಗಿ ದೌರ್ಜನ್ಯ ದುಪ್ಪಟ್ಟಾಯಿತು ಎಂದು ಇದನ್ನು ಓದಿಬಿಡುವುದು ಸುಲಭ. ಆದರೆ ನಮ್ಮ ರಾಜ್ಯದಲ್ಲಿ ಪ್ರಶ್ನೆ ಕೇಳಿದ್ದು 2019ರ ಜುಲೈಯಿಂದ ಡಿಸೆಂಬರ್‌ವರೆಗೆ, ಕೊರೋನಾ ಬರುವುದಕ್ಕೂ ಮುಂಚೆ. ಒಂದು ಅಂಕಿಯನ್ನು ಓದುವಾಗ ಅದು ಯಾವಾಗ ಅಚ್ಚಾಯಿತು ಎನ್ನುವುದಕ್ಕಿಂತ ಯಾವಾಗ ಕೇಳಿದ್ದು ಎಂದು ಮೊದಲು ನೋಡಬೇಕು.

ಹಾಗಾದರೆ ನಾಲ್ಕು ವರ್ಷದಲ್ಲಿ ಹೊಡೆಯುವ ಗಂಡಸರು ನಿಜವಾಗಿಯೂ ದುಪ್ಪಟ್ಟಾದರೆ? ಸ್ವಲ್ಪ ಯೋಚಿಸಿ. ಪ್ರಶ್ನೆ "ಈ ವರ್ಷ ಹೊಡೆದನೆ" ಎಂದಲ್ಲ, "ಯಾವಾಗಲಾದರೂ ಹೊಡೆದಿದ್ದಾನೆಯೆ" ಎಂದು. 2015ರಲ್ಲಿದ್ದ ಹೆಂಗಸರಲ್ಲಿ ಬಹುಪಾಲು ಮಂದಿ 2019ರಲ್ಲೂ ಆ ಲೆಕ್ಕದೊಳಗೇ ಇದ್ದವರು. ಹಳೆಯ ಅಂಕಿಯೂ ಹೊಸ ಅಂಕಿಯೂ ಎರಡೂ ಸರಿ ಎನ್ನಬೇಕಾದರೆ, ರಾಜ್ಯದ ನಾಲ್ವರು ವಿವಾಹಿತೆಯರಲ್ಲಿ ಸುಮಾರು ಒಬ್ಬಳು ಆ ನಾಲ್ಕು ವರ್ಷದಲ್ಲೇ ಮೊದಲ ಬಾರಿಗೆ ಪೆಟ್ಟು ತಿಂದಿರಬೇಕು. ಅದು ನಂಬುವುದು ಕಷ್ಟ. ಹಿಂದಿನ ಸಮೀಕ್ಷೆಯಲ್ಲಿ ಬಾಯಿ ಬಿಡದವರು ಬಹಳ ಮಂದಿ ಇದ್ದರು ಎನ್ನುವುದೇ ಹೆಚ್ಚು ಸಂಭವ. ಕೇಳಿದವಳು ಯಾರು, ಹೇಗೆ ಕೇಳಿದಳು, ಹೇಳುವವಳಿಗೆ ಧೈರ್ಯ ಬಂತೆ ಎಂಬುದರ ಮೇಲೆ ಅಂಕಿ ಏರುತ್ತದೆ, ಇಳಿಯುತ್ತದೆ.

ಸಮೀಕ್ಷೆಯ ಬಲವನ್ನೂ ಹೇಳಬೇಕು. ಅದು ಶ್ರೀಮಂತರು ಬಡವರು, ಹಳ್ಳಿ ಪೇಟೆ, ಎಲ್ಲ ಜಾತಿ ಧರ್ಮಗಳ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಳ್ಳುತ್ತದೆ. ದೌರ್ಜನ್ಯ ಕೊಳೆಗೇರಿಯ ಕಾಯಿಲೆ, ಒಂದು ಸಮುದಾಯದ ಕಾಯಿಲೆ ಎಂದು ಬೊಟ್ಟು ಮಾಡುವವರ ಬಾಯಿ ಮುಚ್ಚಿಸುವುದು ಇಂಥ ಲೆಕ್ಕವೇ. ಉದಯಗಿರಿಯ ಹೆಸರು ಹೇಳಿದರೆ ಮುಖ ಸಿಂಡರಿಸುವವರಿಗೆ ಇದನ್ನು ತಿಳಿಸಬೇಕು. ಇನ್ನೊಂದು ಬಲವೂ ಇದೆ. ಈ ಸಮೀಕ್ಷೆ "ನಿಮಗೆ ಹಿಂಸೆ ಆಗುತ್ತಿದೆಯೆ" ಎಂದು ಗುಂಡುಗುತ್ತಾಗಿ ಕೇಳುವುದಿಲ್ಲ. ಕಪಾಳಕ್ಕೆ ಹೊಡೆದನೆ, ಕೈ ತಿರುಚಿದನೆ, ಕೂದಲು ಹಿಡಿದು ಎಳೆದನೆ, ಒದ್ದನೆ, ಕತ್ತು ಹಿಸುಕಿದನೆ, ಬೇಕೆಂದೇ ಸುಟ್ಟನೆ ಎಂದು ಒಂದೊಂದಾಗಿ ಕೇಳುತ್ತದೆ. ಇದಕ್ಕೆ ಕಾರಣವಿದೆ. "ನಮ್ಮ ಮನೆಯವರು ಹೊಡೆಯೋದಿಲ್ಲಪ್ಪ, ಎಲ್ಲೋ ಕೋಪ ಬಂದಾಗ ಒಂದೇಟು ಹಾಕ್ತಾರೆ, ಅಷ್ಟೆ" ಎನ್ನುವ ಮಾತು ನಾವೆಲ್ಲ ಕೇಳಿದ್ದೇವೆ. ಅವಳ ಮಾತಿನಲ್ಲಿ "ಹೊಡೆಯೋದು" ಎಂದರೆ ರಕ್ತ ಬರುವಂತೆ ಬಡಿಯುವುದು. ಏಟು ಹೊಡೆತವಲ್ಲ! ಗುಂಡುಗುತ್ತಾಗಿ ಕೇಳಿದ್ದರೆ ಆಕೆ "ಇಲ್ಲ" ಎಂಬ ಪಟ್ಟಿಗೆ ಸೇರಿಬಿಡುತ್ತಿದ್ದಳು.

ದೌರ್ಬಲ್ಯ ಏನು? ಒಂದು ಮನೆಯಲ್ಲಿ ಒಬ್ಬಳನ್ನೇ, ಬೇರೆ ಯಾರೂ ಇಲ್ಲದಾಗಲೇ ಈ ಪ್ರಶ್ನೆ ಕೇಳಬೇಕು ಎಂಬುದು ನಿಯಮ. ಏಕಾಂತ ಸಿಗದಿದ್ದರೆ ಕೇಳಬಾರದು. ಒಳ್ಳೆಯ ನಿಯಮ. ಆದರೆ ಒಂದೇ ಕೋಣೆಯ ಮನೆಯಲ್ಲಿ, ಬಾಗಿಲಲ್ಲೇ ಅತ್ತೆ ಕೂತಿರುವಾಗ, ಏಕಾಂತ ಎಲ್ಲಿಂದ ಬರಬೇಕು? ಇನ್ನು ಭಾಷೆ. ಮನೆಯಲ್ಲಿ ಉರ್ದು ಆಡುವ ಹೆಂಗಸಿಗೆ ಪುಸ್ತಕದ ಕನ್ನಡದಲ್ಲಿ ಓದಿಹೇಳಿದ ಪ್ರಶ್ನೆ ಎಷ್ಟು ಮುಟ್ಟೀತು? ಅಪರಿಚಿತಳಿಗೆ ಅರ್ಧ ಗಂಟೆಯಲ್ಲಿ ಹತ್ತು ವರ್ಷದ ಗುಟ್ಟು ಹೇಳುವ ಧೈರ್ಯ ಎಷ್ಟು ಮಂದಿಗೆ ಬಂದೀತು?

ಇದೇ ಸಮೀಕ್ಷೆಯ ಇನ್ನೊಂದು ಅಂಕಿ ನಮ್ಮನ್ನು ಚುಚ್ಚಲು ಬಳಕೆಯಾಗುತ್ತಿದೆ. ಕರ್ನಾಟಕದ ಶೇ. 76.9ರಷ್ಟು ಮಹಿಳೆಯರು ಗಂಡ ಹೊಡೆಯುವುದು ಸರಿ ಎಂದಿದ್ದಾರೆ ಎನ್ನುವುದು. ಗಂಡಸರಲ್ಲಿ ಅದು ಶೇ. 81.9. ಕೇಳಿದ್ದು ಹೇಗೆ? ಹೇಳದೆ ಹೊರಗೆ ಹೋದರೆ, ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಅಡಿಗೆ ಸರಿ ಮಾಡದಿದ್ದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ ಎಂದು ಏಳು ಕಾರಣಗಳನ್ನು ಓದಿಹೇಳುತ್ತಾರೆ. ಏಳರಲ್ಲಿ ಯಾವುದಾದರೂ ಒಂದಕ್ಕೆ "ಹೂಂ" ಎಂದರೂ ಸಾಕು, ಆಕೆ 76.9ರಲ್ಲಿ ಒಬ್ಬಳು. "ಅದು ನ್ಯಾಯ" ಎಂದು ಹೂಂಗುಟ್ಟಿದವಳು, "ಲೋಕ ಇರುವುದೇ ಹೀಗೆ" ಎಂದು ನಿಟ್ಟುಸಿರಿಟ್ಟು ಹೂಂಗುಟ್ಟಿದವಳು, ಇಬ್ಬರೂ ಒಂದೇ ಪಟ್ಟಿಯಲ್ಲಿ. ನಿಟ್ಟುಸಿರನ್ನು ಬರೆದುಕೊಳ್ಳಲು ಆ ಕಾಗದದಲ್ಲಿ ಜಾಗವಿಲ್ಲ. ಆ ಅಂಕಿಯನ್ನು ನಾವು ತಳ್ಳಿಹಾಕಬೇಕಿಲ್ಲ. ನಮ್ಮ ಕೆಲಸ ಎಷ್ಟು ಬಾಕಿ ಇದೆ ಎನ್ನುವುದಕ್ಕೆ ಅದು ಸಾಕ್ಷಿ. ಆದರೆ ಹೆಂಗಸರು ಹೊಡೆತವನ್ನು ಬಯಸುತ್ತಾರೆ ಎಂಬ ಅರ್ಥ ಅದಕ್ಕೆ ಇಲ್ಲವೇ ಇಲ್ಲ.

ಈಗ ಸಂಘದ ಸದಸ್ಯರು ಅಗತ್ಯವಾಗಿ ತಿಳಿದಿರಬೇಕಾದ ಒಂದು ಅಧ್ಯಯನಕ್ಕೆ ಬರುತ್ತೇನೆ. 2005-06ರಲ್ಲಿ ಸಂಶೋಧಕರು ಬೆಂಗಳೂರಿನ ಕೊಳೆಗೇರಿಗಳಲ್ಲಿ 16ರಿಂದ 25 ವರ್ಷದ 744 ವಿವಾಹಿತೆಯರನ್ನು ಮಾತಾಡಿಸಿದರು. ಅವರಲ್ಲಿ ಶೇ. 56ರಷ್ಟು ಮಂದಿ ದೈಹಿಕ ಹಿಂಸೆ ಅನುಭವಿಸಿದ್ದೇವೆ ಎಂದರು. ಅದೇ ವರ್ಷಗಳ ಕುಟುಂಬ ಆರೋಗ್ಯ ಸಮೀಕ್ಷೆ ಇಡೀ ರಾಜ್ಯಕ್ಕೆ ಕೊಟ್ಟ ಅಂಕಿ ಸುಮಾರು ಶೇ. 20. ಒಂದು ಕಡೆ ನಗರದ ಬಡ ಬಡಾವಣೆಯ ಕಿರಿಯ ಹೆಣ್ಣುಮಕ್ಕಳು ಮಾತ್ರ, ಇನ್ನೊಂದು ಕಡೆ ಎಲ್ಲ ವಯಸ್ಸಿನ, ಎಲ್ಲ ಊರಿನವರು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಹಾಗಿಲ್ಲ. ಆದರೂ ಒಂದೇ ವಿಷಯಕ್ಕೆ ಅಂಕಿಗಳು ಇಷ್ಟು ದೂರ ಇರಬಹುದು ಎಂಬುದು ನೆನಪಿರಲಿ.

ಆ ಅಧ್ಯಯನದಲ್ಲಿ ಇನ್ನೂ ಒಂದು ವಿಷಯ ಇತ್ತು. ಮದುವೆಯಾದ ಮೇಲೆ ಮತ್ತೆ ವರದಕ್ಷಿಣೆ ಕೇಳಿಸಿಕೊಂಡವರಲ್ಲಿ ಹಿಂಸೆ ಹೆಚ್ಚಿತ್ತು. ಇದು ನಮಗೆ ಗೊತ್ತಿದ್ದದ್ದೇ. ಆದರೆ ಮೆಚ್ಚಿ ಮದುವೆಯಾದವರಲ್ಲೂ ಹೆಚ್ಚಿತ್ತು. ಸಂಘ ಸಂಸ್ಥೆಗಳಲ್ಲಿ ಭಾಗವಹಿಸಿದವರಲ್ಲಿ, ಕೈಕೆಲಸದ ತರಬೇತಿ ಪಡೆದವರಲ್ಲೂ ಹೆಚ್ಚಿತ್ತು!

ಇದನ್ನು ಓದಿ ಎದೆ ಧಸಕ್ಕೆನ್ನುವುದು ಸಹಜ. ಇದನ್ನೇ ಹಿಡಿದು "ಅದಕ್ಕೇ ಹೇಳಿದ್ದು, ಸಂಘ ಗಿಂಘ ಬೇಡ, ಮನೆಯಲ್ಲಿ ಬಿದ್ದಿರು" ಎನ್ನುವವರು ಇರುತ್ತಾರೆ. ಇಲ್ಲಿಯೇ ವಿಧಾನದ ತಿಳಿವಳಿಕೆ ಬೇಕಾಗುವುದು. ಎರಡು ವಿಷಯ ಒಟ್ಟಿಗೆ ಕಾಣಿಸಿಕೊಂಡರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿಗಳು ಹೆಚ್ಚು ಎಂದು ಆಸ್ಪತ್ರೆಯಿಂದಲೇ ರೋಗ ಬರುತ್ತದೆ ಎನ್ನುತ್ತೇವೆಯೆ? ಪೆಟ್ಟು ತಿಂದವಳೇ ಆಸರೆ ಹುಡುಕಿ ಸಂಘಕ್ಕೆ ಬಂದಿರಬಹುದು. ಗಂಡ ಮನೆಗೆ ಕಾಸು ಕೊಡದಿದ್ದಾಗಲೇ ಹೊಲಿಗೆ ಕಲಿಯಲು ಹೋಗಿರಬಹುದು. ಸಂಘದಲ್ಲಿ ನಾಲ್ಕು ಜನರ ಮುಂದೆ ಮಾತಾಡಿ ರೂಢಿಯಾದವಳು ಪ್ರಶ್ನೆ ಕೇಳಿದವರ ಮುಂದೆಯೂ ನಿಜ ಹೇಳಿರಬಹುದು. ಅಥವಾ, ಹೆಂಡತಿ ಹೊರಗೆ ಕಾಲಿಟ್ಟದ್ದನ್ನು ಸಹಿಸದ ಗಂಡ ನಿಜವಾಗಿಯೂ ಕೈ ಎತ್ತಿರಬಹುದು. ಒಂದೇ ಬಾರಿ ಕೇಳಿದ ಪ್ರಶ್ನೆಯಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುವುದಿಲ್ಲ.

ಅದನ್ನು ತಿಳಿಯಲು ಅದೇ ಹೆಂಗಸರನ್ನು ಮತ್ತೆ ಮತ್ತೆ ಭೇಟಿಯಾಗಬೇಕು. ಬೆಂಗಳೂರಿನ ಸಂಶೋಧಕರು ಅದನ್ನೂ ಮಾಡಿದರು. ಎರಡು ವರ್ಷ ಅವರನ್ನು ಹಿಂಬಾಲಿಸಿದಾಗ ಕಂಡದ್ದು ಇದು: ಕೆಲಸವಿಲ್ಲದೆ ಇದ್ದು ಹೊಸದಾಗಿ ದುಡಿಯಲು ಶುರುಮಾಡಿದ ಹೆಂಗಸರಲ್ಲಿ, ಮನೆಯಲ್ಲೇ ಉಳಿದವರಿಗೆ ಹೋಲಿಸಿದರೆ, ಹಿಂಸೆಗೆ ಒಳಗಾಗುವ ಸಂಭವ ಶೇ. 80ರಷ್ಟು ಹೆಚ್ಚಿತ್ತು. ಗಂಡನ ಕೆಲಸಕ್ಕೆ ಸಂಚಕಾರ ಬಂದ ಮನೆಗಳಲ್ಲೂ ಹಿಂಸೆ ಏರಿತ್ತು. ಅಂದರೆ ಹೊಸದಾಗಿ ಕೆಲಸಕ್ಕೆ ಹೋಗುವ ಕಾಲ ಅಪಾಯದ ಕಾಲ ಎನ್ನುವುದರಲ್ಲಿ ಸತ್ಯಾಂಶವಿದೆ. ಈ ವಿಧಾನದ ಬಲ ಅದು ಹಿಂದು ಮುಂದನ್ನು ಬಿಡಿಸಿ ತೋರಿಸುವುದು. ಅದರ ದೌರ್ಬಲ್ಯ ಹಣ, ವರ್ಷಗಟ್ಟಲೆ ಸಮಯ, ಮತ್ತು ನಡುವೆ ಮನೆ ಬದಲಿಸಿ ಕೈತಪ್ಪಿ ಹೋಗುವವರು. ತೌರಿಗೆ ಓಡಿಹೋದವಳು, ಮನೆಯಿಂದ ಹೊರದಬ್ಬಿಸಿಕೊಂಡವಳು ಹೀಗೆ ಕೈತಪ್ಪಿದವರಲ್ಲಿ ಇರಬಹುದಲ್ಲವೆ?

ಇದರಿಂದ ನಾವು ಕಲಿಯಬೇಕಾದ್ದು ಸಂಘ ಮುಚ್ಚುವ ಪಾಠವಲ್ಲ. ಸಾಲ ಕೊಡಿಸಿ, ಹೊಲಿಗೆ ಯಂತ್ರ ಕೊಡಿಸಿ ಕೈತೊಳೆದುಕೊಂಡರೆ ಸಾಲದು, ಹೊಸದಾಗಿ ದುಡಿಮೆಗೆ ಇಳಿದ ಸದಸ್ಯೆಯ ಮನೆಯ ಕಡೆ ಆ ಮೊದಲ ತಿಂಗಳುಗಳಲ್ಲಿ ಕಣ್ಣಿಟ್ಟಿರಬೇಕು ಎಂಬ ಪಾಠ. ಅಂಕಿಯನ್ನು ಅರೆಬರೆ ಓದಿದವನಿಗೆ ಅದು ನಮ್ಮನ್ನು ಕಟ್ಟಿಹಾಕುವ ಹಗ್ಗ. ಪೂರ್ತಿ ಓದಿದವಳಿಗೆ ಅದು ಮುನ್ನೆಚ್ಚರಿಕೆ.

ಸಮೀಕ್ಷೆ "ಎಷ್ಟು" ಎಂದು ಹೇಳುತ್ತದೆ, "ಏಕೆ" ಎಂದು ಹೇಳಲು ತೊದಲುತ್ತದೆ. ಅದಕ್ಕೆ ಹೆಂಗಸರ ಜೊತೆ ಕೂತು ಅವರು ಹೇಳಿದಷ್ಟನ್ನೂ ಕೇಳಬೇಕು. ಅರ್ಥಶಾಸ್ತ್ರಜ್ಞರಾದ ವಿಜಯೇಂದ್ರ ರಾವ್ ಮತ್ತು ಫ್ರಾನ್ಸಿಸ್ ಬ್ಲಾಕ್ ನಮ್ಮ ರಾಜ್ಯದ ಮೂರು ಹಳ್ಳಿಗಳಲ್ಲಿ ಕುಂಬಾರ ಸಮುದಾಯದ ಸಂಸಾರಗಳನ್ನು ಹೀಗೆ ಅಧ್ಯಯನ ಮಾಡಿ, 2002ರಲ್ಲಿ ಪ್ರಕಟಿಸಿದರು. ಮೊದಲು ಮನಬಿಚ್ಚಿ ಮಾತಾಡಿಸಿದರು, ಅಲ್ಲಿ ಕೇಳಿದ್ದನ್ನು ಆಮೇಲೆ ಲೆಕ್ಕದಲ್ಲಿಟ್ಟು ಪರೀಕ್ಷಿಸಿದರು. ಕಡಿಮೆ ವರದಕ್ಷಿಣೆ ತಂದವರಿಗೆ ಹೆಚ್ಚು ಹಿಂಸೆ ಎಂಬುದು ನಿರೀಕ್ಷಿಸಿದ್ದೇ. ಆದರೆ ತೌರಿನವರು ಅನುಕೂಲಸ್ಥರಾದ ಹೆಣ್ಣುಮಕ್ಕಳಿಗೂ ಅಪಾಯ ಹೆಚ್ಚು ಎಂದು ತಿಳಿಯಿತು! ಮಗಳ ನೋವು ನೋಡಲಾರದೆ ತಂದೆ ಮತ್ತೆ ಕೊಡುತ್ತಾನೆ ಎಂಬುದು ಅಳಿಯನಿಗೆ ಗೊತ್ತು. ಹೊಡೆತ ಅಲ್ಲಿ ಬರೀ ಸಿಟ್ಟಲ್ಲ, ವಸೂಲಿಯ ಉಪಾಯ. "ಕುಡಿದಾಗ ಬುದ್ಧಿ ಇರೋದಿಲ್ಲ, ಪಾಪ" ಎಂಬ ಸಮಾಧಾನದ ಮಾತನ್ನು ಈ ಒಂದು ಅಧ್ಯಯನ ಅಲುಗಾಡಿಸುತ್ತದೆ. ಇದು ಬರಿಯ ಪ್ರಶ್ನಾವಳಿಯಿಂದ ಸಿಗುವ ತಿಳಿವಳಿಕೆಯಲ್ಲ. ಆದರೆ ಮೂರು ಹಳ್ಳಿ, ಒಂದು ಸಮುದಾಯ. ಅದನ್ನೇ ಮೈಸೂರಿಗೂ ಕಲಬುರಗಿಗೂ ಹಾಗೇ ಅಂಟಿಸಲು ಬರುವುದಿಲ್ಲ. ಮನಬಿಚ್ಚಿದ ಮಾತುಕತೆ ಆಳ ಕೊಡುತ್ತದೆ, ಅಗಲ ಕೊಡುವುದಿಲ್ಲ. ಜೊತೆಗೆ, ಕೇಳುವವನು ತನಗೆ ಬೇಕಾದ್ದನ್ನೇ ಕೇಳಿಸಿಕೊಳ್ಳುವ ಅಪಾಯವೂ ಅದರಲ್ಲಿದೆ.

ಸಮೀಕ್ಷೆಗೂ ಸಂದರ್ಶನಕ್ಕೂ ಒಂದು ಸಾಮಾನ್ಯ ಕೊರತೆ ಇದೆ. ಎರಡಕ್ಕೂ ಬದುಕಿರುವವರಷ್ಟೇ ಉತ್ತರ ಕೊಡಬಲ್ಲರು. ಸೀಮೆಎಣ್ಣೆ ಸುರಿಸಿಕೊಂಡು ಸತ್ತವಳು ಯಾವ ಪ್ರಶ್ನಾವಳಿಗೂ ಸಿಗುವುದಿಲ್ಲ. ಅವಳ ಬಗ್ಗೆ ಮಾತಾಡುವುದು ದಾಖಲೆ ಮಾತ್ರ. ಆ ದಾಖಲೆ ಬರೆಯುವವರು ಯಾರು? ಬೆಂಗಳೂರಿನ ವಿಮೋಚನಾ ಸಂಘಟನೆ 1997, 1998 ಮತ್ತು 1999ರ ಜುಲೈ ಮಧ್ಯದವರೆಗೆ ಆ ನಗರದಲ್ಲಿ ನಡೆದ ಹೆಂಗಸರ ಅಸಹಜ ಸಾವುಗಳ ವಿವರ ಕಲೆಹಾಕಿತು. ಒಟ್ಟು 1,133 ಸಾವು. ಅವುಗಳಲ್ಲಿ ಕೊಲೆ ಎಂದು ಪರಿಗಣಿಸಿದ್ದು 157 ಮಾತ್ರ. 546 ಆತ್ಮಹತ್ಯೆ, 430 ಅಪಘಾತ. ಎರಡೂವರೆ ವರ್ಷದಲ್ಲಿ ಒಂದು ನಗರದಲ್ಲಿ ಅಷ್ಟು ಮಂದಿ ಹೆಂಗಸರು "ಅಕಸ್ಮಾತ್" ಸತ್ತರೆ! ದಾಖಲೆಯ ಬಲ ಅದು ಅಳಿಯದೆ ಉಳಿಯುವುದು, ಯಾರಾದರೂ ತೆರೆದು ನೋಡಬಹುದಾದ್ದು. ಅದರ ದೌರ್ಬಲ್ಯ, ಬರೆದವನು ಕಂಡದ್ದು ಅಥವಾ ಕಾಣಬೇಕೆಂದದ್ದು ಮಾತ್ರ ಅದರಲ್ಲಿರುವುದು.

ಪೊಲೀಸ್ ಅಂಕಿಗಳನ್ನೂ ಹೀಗೆಯೇ ಓದಬೇಕು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ದೌರ್ಜನ್ಯ ಅನುಭವಿಸಿದ ನೂರು ಹೆಂಗಸರಲ್ಲಿ ಯಾರಲ್ಲಾದರೂ ಸಹಾಯ ಕೇಳಿದವರು 14 ಮಂದಿ. 77 ಮಂದಿ ಯಾರಿಗೂ ಬಾಯಿ ಬಿಟ್ಟೇ ಇರಲಿಲ್ಲ. ಸಹಾಯ ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತೌರಿಗೆ, ಠಾಣೆಗಲ್ಲ. ಹೀಗಿರುವಾಗ 498-ಎ ಪ್ರಕರಣಗಳಲ್ಲಿ (2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ) ಶಿಕ್ಷೆಯಾದದ್ದು ಕಡಿಮೆ, ಆದ್ದರಿಂದ ದೂರುಗಳೆಲ್ಲ ಸುಳ್ಳು ಎನ್ನುವುದು ಯಾವ ಶಾಸ್ತ್ರ? ರಾಜಿಯಾಗಿ ಬಿದ್ದುಹೋದ ಪ್ರಕರಣ, ಸಾಕ್ಷಿ ತಿರುಗಿಬಿದ್ದ ಪ್ರಕರಣ, ಕೋರ್ಟಿಗೆ ಅಲೆದು ಸುಸ್ತಾಗಿ ಕೈಬಿಟ್ಟ ಪ್ರಕರಣ, ನಿಜವಾಗಿಯೂ ಸುಳ್ಳಾದ ಪ್ರಕರಣ, ಎಲ್ಲವೂ ಆ ಲೆಕ್ಕದಲ್ಲಿ "ಶಿಕ್ಷೆಯಾಗಲಿಲ್ಲ" ಎಂಬ ಒಂದೇ ಮೂಟೆ.

ಇನ್ನು ಪ್ರಯೋಗ. ನಮ್ಮ ಮೈಸೂರಿಗೆ ಇದರಲ್ಲಿ ಹಳೆಯ ಹೆಸರಿದೆ. 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭಿಸಿದರು. ಕಾರಣವನ್ನು ಖಚಿತವಾಗಿ ಹೇಳುವ ಶಕ್ತಿ ಪ್ರಯೋಗಕ್ಕೇ ಹೆಚ್ಚು. ಅಮೆರಿಕದ ಎಲಿಜಬೆತ್ ಲಾಫ್ಟಸ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತೆಂದು ಕೇಳಲಾಯಿತು. "ಅಪ್ಪಳಿಸಿದಾಗ" ಎಂದು ಕೇಳಿದವರಿಗೆ ಸಿಕ್ಕ ಉತ್ತರ ಸರಾಸರಿ ಗಂಟೆಗೆ ಸುಮಾರು 41 ಮೈಲಿ. "ತಾಗಿದಾಗ" ಎಂದು ಕೇಳಿದವರಿಗೆ ಸುಮಾರು 32. ನೋಡಿದ ಚಿತ್ರ ಒಂದೇ, ಬದಲಾದದ್ದು ಒಂದು ಪದ. ಠಾಣೆಯಲ್ಲಿ, ಪಂಚಾಯಿತಿಯಲ್ಲಿ "ಸ್ವಲ್ಪ ತಳ್ಳಿದನೇನಮ್ಮಾ?" ಎಂದು ಕೇಳುವುದಕ್ಕೂ "ಏನು ಮಾಡಿದ, ನೀನೇ ಹೇಳು" ಎನ್ನುವುದಕ್ಕೂ ಎಷ್ಟು ವ್ಯತ್ಯಾಸ ಎಂದು ಇದರಿಂದ ಊಹಿಸಿ. ಆದರೆ ಪ್ರಯೋಗಶಾಲೆಯಲ್ಲಿ ಚಿತ್ರ ನೋಡಿದ ವಿದ್ಯಾರ್ಥಿಗೆ ಗಂಡನ ಭಯವಿಲ್ಲ, ಮಕ್ಕಳ ಚಿಂತೆಯಿಲ್ಲ. ಅದು ಊಹೆಯಾಗಿಯೇ ಉಳಿಯುತ್ತದೆ.

ಹೊಡೆತದ ಮೇಲೆ ಪ್ರಯೋಗ ಮಾಡಲು ಯಾರಿಗೂ ಹಕ್ಕಿಲ್ಲ. ಆದರೆ ಹೊಡೆತ ತಡೆಯುವ ಉಪಾಯದ ಮೇಲೆ ಮಾಡಬಹುದು. ಬಾಗಲಕೋಟೆ ಜಿಲ್ಲೆಯ 47 ಹಳ್ಳಿಗಳಲ್ಲಿ ಹೀಗೊಂದು ನಡೆಯಿತು. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರ ಮೇಲೆ ಅವರ ಸಂಗಾತಿಗಳು ನಡೆಸುವ ಹಿಂಸೆಯನ್ನು ತಗ್ಗಿಸಲು ಕೆಲವು ಹಳ್ಳಿಗಳಲ್ಲಿ ಕಾರ್ಯಕ್ರಮ ನಡೆಸಿ, ಉಳಿದ ಹಳ್ಳಿಗಳ ಜೊತೆ ಹೋಲಿಸಿದರು. ಹಿಂಸೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂಸೆಯನ್ನು ಸರಿ ಎನ್ನುವವರು ಮಾತ್ರ ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಕಡಿಮೆಯಾಗಿದ್ದರು. ನಿರಾಸೆ ಅನ್ನಿಸಬಹುದು. ಆದರೆ ಹೋಲಿಸಿ ನೋಡದಿದ್ದರೆ ಈ ಪ್ರಾಮಾಣಿಕ ಉತ್ತರ ಸಿಗುತ್ತಿರಲಿಲ್ಲ. ಹೆಂಗಸರ ಮನಸ್ಸು ಬದಲಾದರೆ ಸಾಲದು, ಹೊಡೆಯುವವನ ಕೈ ತಡೆಯುವ ದಾರಿಯನ್ನೂ ಹುಡುಕಬೇಕು ಎಂಬುದು ನಮಗೆ ಉಳಿಯುವ ಪ್ರಶ್ನೆ.

ಗೆಳತಿಯರೆ, ಒಟ್ಟಿನಲ್ಲಿ ಹೇಳುವುದಿಷ್ಟೆ. ಯಾವ ಒಂದು ವಿಧಾನವೂ ಹೆಣ್ಣಿನ ನೋವನ್ನು ಪೂರ್ತಿ ಹಿಡಿಯಲಾರದು. ಸಮೀಕ್ಷೆ ತಪ್ಪಿಸಿಕೊಂಡದ್ದನ್ನು ಸಂದರ್ಶನ, ಅದು ತಪ್ಪಿಸಿಕೊಂಡದ್ದನ್ನು ದಾಖಲೆ ಹಿಡಿಯಬೇಕು. ಒಂದೇ ಅಂಕಿ ಹಿಡಿದು ತೀರ್ಪು ಕೊಡುವವರನ್ನು ನಂಬಬೇಡಿ, ಆ ಅಂಕಿ ನಮಗೆ ಅನುಕೂಲವಾಗಿದ್ದರೂ ಸರಿ.

ನಮ್ಮ ಸಂಘಗಳು ಎರಡು ಕೆಲಸ ಮಾಡಬಹುದು. ಮೊದಲನೆಯದು, ಪ್ರಶ್ನೆ ಕೇಳಲು ಬಂದವರಿಗೆ ನಾವೂ ಪ್ರಶ್ನೆ ಕೇಳುವುದು. ಯಾರಿಗಾಗಿ ಈ ಅಧ್ಯಯನ? ಹೆಸರು ಗುಟ್ಟಾಗಿರುತ್ತದೆಯೆ? ಬೇರೆಯಾಗಿ ಕೂರಿಸಿ ಕೇಳುತ್ತೀರೋ ಎಲ್ಲರ ಮುಂದೆಯೋ? ಕೇಳಿ ಹೋದಮೇಲೆ ಆ ರಾತ್ರಿ ಅವಳಿಗೆ ತೊಂದರೆಯಾದರೆ ಯಾರ ಬಳಿ ಹೋಗಬೇಕು? ಫಲಿತಾಂಶವನ್ನು ಸಂಘಕ್ಕೆ ಬಂದು ಹೇಳುತ್ತೀರಾ? ಉತ್ತರ ಕೊಡಲಾರದವರಿಗೆ ನಮ್ಮ ಉತ್ತರವೂ ಬೇಡ. ಇಷ್ಟವಿಲ್ಲದ ಪ್ರಶ್ನೆಗೆ "ಹೇಳುವುದಿಲ್ಲ" ಎನ್ನುವುದು ಹಕ್ಕು.

ಎರಡನೆಯದು, ನಮ್ಮ ದಾಖಲೆಯನ್ನು ನಾವೇ ಇಡುವುದು. ಉಳಿತಾಯದ ಲೆಕ್ಕವನ್ನು ಪೈಸೆ ಬಿಡದೆ ಬರೆಯುವ ನಮಗೆ ಇದು ಕಷ್ಟವಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಡಿ ಸಂರಕ್ಷಣಾಧಿಕಾರಿ ತುಂಬುವ ನಮೂನೆಯಲ್ಲಿ ಏನಾಯಿತು, ಯಾವ ದಿನ, ಎಲ್ಲಿ, ಯಾರಿಂದ ಎಂದು ಒಂದೊಂದಾಗಿ ಕೇಳಿರುತ್ತದೆ. ಸದಸ್ಯೆಯೊಬ್ಬಳು ಬಂದು ಹೇಳಿಕೊಂಡಾಗ, ಅವಳು ಒಪ್ಪಿದರೆ, ಅಷ್ಟನ್ನೂ ಅಂದೇ ಅವಳ ಮಾತಿನಲ್ಲೇ ಬರೆದಿಡಿ. ನಮ್ಮ ಅಭಿಪ್ರಾಯ ಸೇರಿಸಬೇಡಿ, "ಹೀಗಾಯಿತಾ" ಎಂದು ಬಾಯಿಗೆ ಮಾತು ಕೊಡಬೇಡಿ. ಆ ಪುಸ್ತಕ ಸಂಘದ ಇತರ ಪುಸ್ತಕಗಳ ಜೊತೆ ಇರಬಾರದು, ಅವಳ ಮನೆಯಲ್ಲಂತೂ ಇರಲೇಬಾರದು. ವರ್ಷಗಳ ನಂತರ ನ್ಯಾಯಾಲಯದಲ್ಲಿ "ಆಗ ಯಾಕೆ ಹೇಳಲಿಲ್ಲ" ಎಂದು ಕೇಳಿದರೆ, ಹೇಳಿದ್ದಳು, ಇಲ್ಲಿದೆ ನೋಡಿ ಎಂದು ತೋರಿಸಲು ಒಂದು ಹಾಳೆಯಾದರೂ ಇರಲಿ.